ದೋಣಿಯೋ, ಹೈಡೋ, ಕಾರೋ, ಕೆರೆ ದಂಡೆಯೋ? ಹಕ್ಕಿ ಫೋಟೋಗೆ ಹೊರಡುವ ಮೊದಲು

ಡಿಸೆಂಬರ್ ಹತ್ತಿರ ಬಂದಾಗ ನನಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇರುತ್ತವೆ. ಹೊಸ ಕ್ಯಾಮೆರಾ ತಗೊಂಡಿದ್ದೇನೆ, ಹಕ್ಕಿ ಫೋಟೋ ತೆಗೆಯಬೇಕು, ರಂಗನತಿಟ್ಟಿಗೆ ಹೋಗಲಾ, ಗಣೇಶಗುಡಿಗೆ ಹೋಗಲಾ, ಕಬಿನಿಯಲ್ಲಿ ಸಫಾರಿ ಬುಕ್ ಮಾಡಲಾ? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: 400 ಎಂಎಂ ಲೆನ್ಸ್ ಸಾಕಾ, 600 ಬೇಕಾ? (ಈ ಸಂಖ್ಯೆ ದೊಡ್ಡದಾದಷ್ಟು ದೂರದ ಹಕ್ಕಿ ಹತ್ತಿರ ಕಾಣುತ್ತದೆ.) ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಊರಿನ ಹೆಸರಿನಿಂದ ಶುರು ಮಾಡಬೇಡಿ. ಲೆನ್ಸಿನಿಂದಲೂ ಬೇಡ. ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟು: ಆ ಹಕ್ಕಿಯ ಕಣ್ಣಿಗೆ ನಾನು ಏನಾಗಿ ಕಾಣುತ್ತೇನೆ?

ಇದು ನನಗೆ ಅರ್ಥವಾಗಿದ್ದು ಮಾಗಡಿ ಕೆರೆಯಲ್ಲಿ. ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ಕಡೆಯದು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಗುಂಪುಗುಂಪಾಗಿ ಇಳಿಯುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇದು ಹಗಲು ಕೆರೆಯಲ್ಲಿ ಕೂರುತ್ತವೆ. ನಾನು ಹೊಲದ ಬದುವಿನ ಮೇಲೆ ನಡೆದುಕೊಂಡು ಹೋದೆ. ಇನ್ನೂ ಕ್ಯಾಮೆರಾ ಎತ್ತಿರಲಿಲ್ಲ, ಒಂದು ಫರ್ಲಾಂಗು ದೂರ ಇರುವಾಗಲೇ ಇಡೀ ಗುಂಪು ಕತ್ತು ನೆಟ್ಟಗೆ ಮಾಡಿ ಎದ್ದುಬಿಟ್ಟಿತು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿದವು. ಆಗ ಅದೇ ಬದುವಿನ ಪಕ್ಕ ಒಂದು ಎತ್ತಿನ ಗಾಡಿ ಹಾದುಹೋಯಿತು, ಗಾಡಿಯ ಮೇಲೆ ಇಬ್ಬರು ಜೋರಾಗಿ ಮಾತಾಡುತ್ತಾ ಕೂತಿದ್ದರು, ಹೆಬ್ಬಾತುಗಳು ಮೇಯುವುದನ್ನೂ ನಿಲ್ಲಿಸಲಿಲ್ಲ. ಅವುಗಳಿಗೆ ಗಾಡಿ ದಿನಾ ಕಾಣುವ ವಸ್ತು. ನೇರವಾಗಿ ತಮ್ಮ ಕಡೆಗೇ ಕಣ್ಣಿಟ್ಟು ನಡೆದು ಬರುವ ಒಂಟಿ ಮನುಷ್ಯ ಹಾಗಲ್ಲ, ಅವನು ಬೇಟೆಗಾರನ ಥರ ಕಾಣುತ್ತಾನೆ.

ಅಲ್ಲಿಂದ ಮುಂದೆ ನಾನು ಜಾಗಗಳನ್ನು ಹೆಸರಿನಿಂದ ವಿಂಗಡಿಸುವುದನ್ನು ಬಿಟ್ಟೆ. ಹಕ್ಕಿಯ ಹತ್ತಿರ ಹೋಗುವ ದಾರಿಯಿಂದ ವಿಂಗಡಿಸುತ್ತೇನೆ. ದೋಣಿಯಲ್ಲಿ ಹೋಗುವುದು, ಹೈಡ್ ಒಳಗೆ ಅಡಗಿ ಕೂರುವುದು, ಕಾರಿನೊಳಗಿಂದ ತೆಗೆಯುವುದು, ಕಾಲ್ನಡಿಗೆಯಲ್ಲಿ ಹೋಗಿ ನೆಲಕ್ಕೆ ಅಂಟಿ ಮಲಗುವುದು. ಒಂದೊಂದರಲ್ಲೂ ಸಿಗುವ ಫೋಟೋ ಬೇರೆ, ಬೇಕಾಗುವ ಸಾಮಾನು ಬೇರೆ, ಖರ್ಚಾಗುವ ತಾಳ್ಮೆಯೂ ಬೇರೆ.

ದೋಣಿ

ರಂಗನತಿಟ್ಟು ಯಾರಿಗೆ ಗೊತ್ತಿಲ್ಲ, ಅಲ್ವಾ. ಶ್ರೀರಂಗಪಟ್ಟಣದ ಪಕ್ಕ, ಕಾವೇರಿ ನದಿಯ ನಡುವಿನ ಸಣ್ಣ ಸಣ್ಣ ನಡುಗಡ್ಡೆಗಳು. ಪಕ್ಷಿತಜ್ಞ ಸಲೀಂ ಅಲಿ ಅವರು ಇಲ್ಲಿನ ಗೂಡುಗಳನ್ನು ನೋಡಿ ಮೈಸೂರು ಅರಸರಿಗೆ ಹೇಳಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಆ ಪಟ್ಟಿಗೆ ಹೋದ ಮೊದಲ ಜಾಗ ಇದೇ. ಪಕ್ಷಿಧಾಮದ ವಿಸ್ತೀರ್ಣ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಅಷ್ಟರೊಳಗೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕಿನ ಹಕ್ಕಿ, ನೀರುಕಾಗೆ, ಹಾವಕ್ಕಿ, ರೀವ (ರಿವರ್ ಟರ್ನ್) ಎಲ್ಲವೂ ಗೂಡು ಕಟ್ಟುತ್ತವೆ.

ಮೊದಲ ಸಲ ಹೊರಟವರಿಗೆ ನಾನು ಕಣ್ಣುಮುಚ್ಚಿ ಹೇಳುವ ಜಾಗ ಇದು. ಕಾರಣ ಸರಳ. ಇಲ್ಲಿನ ಹಕ್ಕಿಗಳು ಹುಟ್ಟಿದಾಗಿನಿಂದ ದೋಣಿ ನೋಡಿವೆ. ಅರಣ್ಯ ಇಲಾಖೆಯವರು ಹುಟ್ಟು ಹಾಕಿಕೊಂಡು ಬಂಡೆಯ ಪಕ್ಕಕ್ಕೆ ದೋಣಿ ತಂದರೆ ಅವು ಅಲ್ಲಾಡುವುದಿಲ್ಲ. ನೀವು ನೀರಿನ ಮಟ್ಟಕ್ಕೆ ಹತ್ತಿರ ಕೂತಿರುತ್ತೀರಿ, ಆದ್ದರಿಂದ ಹಕ್ಕಿಯ ಕಣ್ಣಿನ ಎತ್ತರಕ್ಕೇ ಫೋಟೋ ಸಿಗುತ್ತದೆ. ದಡದಲ್ಲಿ ನಿಂತು ಇದನ್ನು ಪಡೆಯಲು ಸಾಧ್ಯವೇ ಇಲ್ಲ. 300 ಎಂಎಂ ಲೆನ್ಸ್ ಇದ್ದರೂ ಕೈತುಂಬ ಫೋಟೋ ಬರುತ್ತವೆ.

ಕಷ್ಟ ಇರುವುದು ಬೇರೆ ಕಡೆ. ಎಲ್ಲರ ಜೊತೆ ಹೋಗುವ ಸಾಮಾನ್ಯ ದೋಣಿ ಬೇಗ ಒಂದು ಸುತ್ತು ಹಾಕಿ ವಾಪಸ್ ಬರುತ್ತದೆ. ನಿಮಗೆ ಬೇಕಾದಲ್ಲಿ ನಿಲ್ಲುವುದಿಲ್ಲ, ಪಕ್ಕದವರು ಎದ್ದು ನಿಂತು ಸೆಲ್ಫಿ ತೆಗೆಯುತ್ತಾರೆ, ದೋಣಿ ಓಲಾಡುತ್ತದೆ. ಫೋಟೋಗೆಂದೇ ಹೋಗುವುದಾದರೆ ಮೂರ್ನಾಲ್ಕು ಜನ ಸೇರಿ ಬೇರೆ ದೋಣಿ ಮಾಡಿಕೊಳ್ಳಿ. ದರ ಆಗಾಗ ಬದಲಾಗುತ್ತದೆ, ದೊಡ್ಡ ಲೆನ್ಸಿಗೆ ಬೇರೆ ಶುಲ್ಕ ಕೇಳುವ ಜಾಗಗಳೂ ನಮ್ಮ ರಾಜ್ಯದಲ್ಲಿ ಇವೆ, ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಬೆಳಗಿನ ಮೊದಲ ದೋಣಿ ಹಿಡಿಯಿರಿ. ದೋಣಿ ನಡೆಸುವವರ ಹತ್ತಿರ ಮಾತಾಡಿ. ಯಾವ ಬಂಡೆಯ ಮೇಲೆ ರೀವ ಮೊಟ್ಟೆ ಇಟ್ಟಿದೆ, ಬೆಳಕು ಎಲ್ಲಿಂದ ಬೀಳುತ್ತದೆ, ಮೊಸಳೆ ಎಲ್ಲಿ ಮೈ ಕಾಯಿಸುತ್ತಿದೆ, ಎಲ್ಲವೂ ಅವರಿಗೆ ಗೊತ್ತು. ಹಾಂ, ಮೊಸಳೆ ಇರುವ ನೀರು, ಕೈ ಹೊರಗೆ ಇಳಿಬಿಡಬೇಡಿ.

ದೋಣಿಯಲ್ಲಿ ಟ್ರೈಪಾಡ್ ದಂಡ. ದೋಣಿಯ ಅಲುಗಾಟವನ್ನು ಅದು ನೇರ ಕ್ಯಾಮೆರಾಕ್ಕೆ ದಾಟಿಸುತ್ತದೆ. ಕೈಯಲ್ಲೇ ಹಿಡಿಯಿರಿ, ಶಟರ್ ಸ್ಪೀಡ್ 1/1600ಕ್ಕಿಂತ ಕೆಳಗೆ ಇಳಿಸಬೇಡಿ, ಹಾರುವ ಹಕ್ಕಿಗೆ 1/2500ರವರೆಗೂ ಹೋಗಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಆಟೋದಲ್ಲಿ ಬಿಡಿ. ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಕಪ್ಪು ನೀರಿನ ಮುಂದೆ ಬಿಳಿ ಕೊಕ್ಕರೆ ಕೂತಾಗ ಕ್ಯಾಮೆರಾ ಆ ಕತ್ತಲೆಯನ್ನು ನೋಡಿ ಬೆಳಕು ಜಾಸ್ತಿ ಮಾಡುತ್ತದೆ, ಹಕ್ಕಿಯ ಗರಿ ಸುಣ್ಣ ಬಳಿದ ಗೋಡೆಯ ಥರ ಆಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಕೆಳಗಿಳಿಸಿ ನೋಡಿ. ಕತ್ತಲಾದ ಫೋಟೋವನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳಿಯನ್ನು ವಾಪಸ್ ತರಲು ಆಗುವುದಿಲ್ಲ.

ಫೆಬ್ರವರಿಯಿಂದ ಮೇವರೆಗೆ ರೀವಗಳ ಕಾಲ. ಗಂಡು ಮೀನು ಹಿಡಿದು ತಂದು ಬಂಡೆಯ ಮೇಲೆ ಕೂತ ಹೆಣ್ಣಿಗೆ ಕೊಡುವುದನ್ನು ಒಮ್ಮೆ ನೋಡಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ಜುಲೈ ಆಗಸ್ಟ್‌ನಲ್ಲಿ ಹೋಗುವವರು ವಿಚಾರಿಸದೆ ಹೊರಡಬೇಡಿ. ಆ ತಿಂಗಳುಗಳಲ್ಲಿ ತುಂಗೆಯ ಮಂಡಗದ್ದೆಗೆ ಹೋಗಬಹುದು, ಶಿವಮೊಗ್ಗ ತೀರ್ಥಹಳ್ಳಿ ರಸ್ತೆಯ ಪಕ್ಕದಲ್ಲೇ ಇದೆ. ಆದರೆ ಅಲ್ಲಿ ಹಕ್ಕಿ ದೂರ, ನೋಡುವ ಖುಷಿ ಜಾಸ್ತಿ, ಫೋಟೋ ಕಡಿಮೆ.

ಹೈಡ್

ಹೈಡ್ ಅಂದರೆ ಮರೆ. ಹಸಿರು ಬಟ್ಟೆಯದೋ ತಡಿಕೆಯದೋ ಗೋಡೆ, ಅದರಲ್ಲಿ ಲೆನ್ಸ್ ತೂರುವಷ್ಟು ಕಿಂಡಿ, ಎದುರಿಗೆ ಹಕ್ಕಿಗಳಿಗೆ ಸ್ನಾನದ ನೀರು. ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಜಂಗಲ್ ಲಾಡ್ಜಸ್‌ನವರ ಓಲ್ಡ್ ಮ್ಯಾಗಜೀನ್ ಹೌಸ್ ಅನ್ನುವ ವಸತಿಗೃಹ ಇದಕ್ಕೆ ಹೆಸರುವಾಸಿ. ಖಾಸಗಿಯವರೂ ರಾಜ್ಯದ ಬೇರೆ ಬೇರೆ ಕಡೆ ಹೈಡ್ ಮಾಡಿದ್ದಾರೆ.

ದೋಣಿಯಲ್ಲಿ ನೀವು ಪರಿಚಯದ ವಸ್ತು. ಹೈಡ್‌ನಲ್ಲಿ ನೀವು ಇಲ್ಲವೇ ಇಲ್ಲ. ಅದರ ಫಲ ಎಂಥದ್ದು ಅಂದರೆ, ಕಾಡಿನಲ್ಲಿ ಇಡೀ ದಿನ ತಿರುಗಿದರೂ ಎಲೆಗಳ ಸಂದಿಯಲ್ಲಿ ಒಂದು ಬಾಲ ಮಾತ್ರ ತೋರಿಸಿ ಮಾಯವಾಗುವ ಹಕ್ಕಿ ಇಲ್ಲಿ ನಾಲ್ಕೈದು ಮೀಟರ್ ಮುಂದೆ ಬಂದು, ತಲೆ ಅದ್ದಿ, ರೆಕ್ಕೆ ಬಡಿದು, ನೀರು ಚಿಮ್ಮಿಸಿ ಸ್ನಾನ ಮಾಡುತ್ತದೆ. ಬೆಂಕಿ ಬಣ್ಣದ ಕೊರಳಿನ ಪಿಕಳಾರ, ಶಾಮ, ರಾಜಹಕ್ಕಿ, ಚಳಿಗಾಲದ ಅತಿಥಿ ನೀಲಿತಲೆಯ ಕಲ್ಲು ಸಿಳ್ಳಾರ, ಅದೃಷ್ಟ ಇದ್ದರೆ ನವರಂಗ (ಪಿಟ್ಟಾ). ಪಶ್ಚಿಮ ಘಟ್ಟದ ಕಾಡಿನ ಸಣ್ಣ ಹಕ್ಕಿಗಳ ಮುಖ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಚಳಿ ಕಳೆದು ಕಾಡು ಒಣಗಿದಾಗ, ಅಂದರೆ ಫೆಬ್ರವರಿಯಿಂದ ಮೇ ತನಕ, ಮಧ್ಯಾಹ್ನದ ಹೊತ್ತಿಗೆ ನೀರಿಗೆ ಬರುವವು ಜಾಸ್ತಿ.

ಇಲ್ಲಿ ದೊಡ್ಡ ಲೆನ್ಸ್ ತಂದವರು ಪೇಚಾಡುತ್ತಾರೆ. 600 ಎಂಎಂನಲ್ಲಿ ಹಕ್ಕಿ ಫ್ರೇಮಿನಿಂದ ಹೊರಗೇ ಹೋಗುತ್ತದೆ, ಕೆಲವು ಲೆನ್ಸುಗಳಿಗೆ ಅಷ್ಟು ಹತ್ತಿರ ಫೋಕಸ್ ಆಗುವುದೂ ಇಲ್ಲ. ಹೈಡ್‌ನಲ್ಲಿ ಕೊರತೆ ಇರುವುದು ಬೆಳಕಿಗೆ. ಮೇಲೆ ದಟ್ಟ ಮರ, ಕೆಳಗೆ ನೆರಳು. ಎಫ್/2.8 ಇರುವ (ಎಫ್ ಸಂಖ್ಯೆ ಸಣ್ಣದಾದಷ್ಟು ಲೆನ್ಸಿನ ಕಿಂಡಿ ದೊಡ್ಡದು) 70-200 ಲೆನ್ಸ್ ಎಫ್/5.6 ಲೆನ್ಸಿಗಿಂತ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ, ಅದು ಇಲ್ಲಿ ಚಿನ್ನ. ಅದಿಲ್ಲದವರು ಐಎಸ್‌ಒ 3200, 6400ಕ್ಕೆ ಹೆದರಬೇಡಿ. ಕೂತ ಹಕ್ಕಿಗೆ ಟ್ರೈಪಾಡ್ ಮೇಲಿಟ್ಟು 1/200ರಲ್ಲೂ ತೆಗೆಯಬಹುದು, ಸ್ನಾನ ಮಾಡುವಾಗ ನೀರಿನ ಹನಿ ನಿಲ್ಲಬೇಕೆಂದರೆ 1/1000 ಬೇಕು.

ಇಷ್ಟು ಹೊಗಳಿದ ಮೇಲೆ ನನಗೆ ಕಿರಿಕಿರಿ ಆಗುವುದನ್ನೂ ಹೇಳಬೇಕು. ಹೈಡ್‌ನ ಫೋಟೋಗಳು ಒಂದರಂತೆ ಇನ್ನೊಂದು. ಅದೇ ಪಾಚಿ ಹತ್ತಿದ ಕೊಂಬೆ, ಅದೇ ಹಸಿರು ಹಿನ್ನೆಲೆ. ನೀವು ತೆಗೆದದ್ದಕ್ಕೂ ನಿಮ್ಮ ಪಕ್ಕ ಕೂತವರು ತೆಗೆದದ್ದಕ್ಕೂ ವ್ಯತ್ಯಾಸ ಇರುವುದಿಲ್ಲ. ಹಕ್ಕಿ ಎಲ್ಲಿ ಬದುಕುತ್ತದೆ, ಏನು ತಿನ್ನುತ್ತದೆ, ಹೇಗೆ ಬೇಟೆಯಾಡುತ್ತದೆ, ಇದ್ಯಾವುದೂ ಆ ಫೋಟೋದಲ್ಲಿ ಇರುವುದಿಲ್ಲ.

ಎರಡನೆಯದು ಇದಕ್ಕಿಂತ ಗಂಭೀರ. ಕೆಲವು ವರ್ಷದ ಹಿಂದೆ ದುಡ್ಡು ಕೊಟ್ಟು ಒಂದು ಖಾಸಗಿ ಹೈಡ್‌ಗೆ ಹೋಗಿದ್ದೆ. ಒಂದು ಗಂಟೆ ಕಳೆದರೂ ನವರಂಗ ಬರಲಿಲ್ಲ. ಜೊತೆಗಿದ್ದ ಗೈಡ್ ಜೇಬಿನಿಂದ ಸಣ್ಣ ಸ್ಪೀಕರ್ ತೆಗೆದು ಅದರ ಕೂಗನ್ನು ಹಾಕಿದ. ಎರಡು ನಿಮಿಷಕ್ಕೆ ಹಕ್ಕಿ ಬಂತು. ಬಂದದ್ದು ಸ್ನಾನಕ್ಕಲ್ಲ. ತನ್ನ ಜಾಗಕ್ಕೆ ಯಾರೋ ನುಗ್ಗಿದ್ದಾರೆ ಅಂತ ಹುಡುಕುತ್ತಾ ಕೊಂಬೆಯಿಂದ ಕೊಂಬೆಗೆ ಹಾರಿತು, ಎದುರು ಕೂಗಿತು, ಮತ್ತೆ ಮತ್ತೆ ಕೂಗಿತು. ಸುತ್ತ ಎಲ್ಲರ ಶಟರ್ ಸದ್ದು. ನಾನು ಸ್ಪೀಕರ್ ನಿಲ್ಲಿಸಲು ಹೇಳಿದೆ, ಉಳಿದವರಿಗೆ ಅದು ಹಿಡಿಸಲಿಲ್ಲ. ಆ ದಿನದ ಒಂದು ಫೋಟೋವನ್ನೂ ನಾನು ಇಟ್ಟುಕೊಂಡಿಲ್ಲ. ನವರಂಗ ಉತ್ತರದಿಂದ ಇಷ್ಟು ದೂರ ಹಾರಿ ನಮ್ಮ ಕಡೆಗೆ ಚಳಿಗಾಲ ಕಳೆಯಲು ಬರುವ ಹಕ್ಕಿ. ತರಗೆಲೆ ಕೆದಕಿ ಹುಳ ತಿನ್ನಬೇಕಾದ ಹೊತ್ತನ್ನು ಇಲ್ಲದ ಶತ್ರುವಿನ ಜೊತೆ ಜಗಳಕ್ಕೆ ಕಳೆದರೆ ಅದಕ್ಕೆ ನಷ್ಟ.

ಆದ್ದರಿಂದ ಹೈಡ್ ಬುಕ್ ಮಾಡುವಾಗ ಎರಡು ಮಾತು ಕೇಳಿ. ಕೂಗು ಹಾಕುತ್ತೀರಾ? ಹುಳ ಹಾಕಿ ಕರೆಸುತ್ತೀರಾ? ಹೌದು ಅಂದರೆ ಬೇರೆ ಕಡೆ ನೋಡಿ. ನೀರು ಮಾತ್ರ ಇಟ್ಟು ಸುಮ್ನೆ ಕಾಯುವ ಹೈಡ್‌ಗಳಿವೆ. ಕೇಳುವವರು ಜಾಸ್ತಿಯಾದರೆ ಅಂಥವು ಇನ್ನೂ ಹುಟ್ಟುತ್ತವೆ.

ಕಾರು

ನಿಮ್ಮ ಕಾರೇ ಒಂದು ಹೈಡ್. ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಡೆದು ಹೋದರೆ ಮೂವತ್ತು ಹೆಜ್ಜೆ ದೂರದಿಂದಲೇ ಹಾರುವ ನೀಲಕಂಠ, ಕಾರು ಪಕ್ಕದಲ್ಲಿ ನಿಂತರೂ ತಂತಿಯ ಮೇಲೆ ಕೂತು ಮಿಡತೆ ನೋಡುತ್ತಿರುತ್ತದೆ. ನಮ್ಮ ರಾಜ್ಯದ ಪಕ್ಷಿ ಅದು, ಆದರೆ ಅದರ ಒಳ್ಳೆಯ ಫೋಟೋ ಬಹಳ ಜನರ ಹತ್ತಿರ ಇಲ್ಲ. ಬಯಲುಸೀಮೆಯ ಹೊಲಗಳ ನಡುವಿನ ಮಣ್ಣುರಸ್ತೆ ಇದಕ್ಕೆ ಸರಿ. ಜೋಳ, ಶೇಂಗಾ, ಕಡಲೆ ಹೊಲಗಳ ಸುತ್ತ ಕಾಜಾಣ, ಕಳ್ಳಿಪೀರ, ಚಂದ್ರಮುಕುಟ, ನೆಲಗುಬ್ಬಿ ಸಿಗುತ್ತವೆ, ಚಳಿಗಾಲದಲ್ಲಿ ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುವ ಸೆಳೆವಗಳೂ (ಹ್ಯಾರಿಯರ್) ಸಿಗುತ್ತವೆ.

ಮಾಡಬೇಕಾದ್ದು ಸುಲಭ. ಹಕ್ಕಿ ಕಂಡ ತಕ್ಷಣ ಗಕ್ಕನೆ ಬ್ರೇಕ್ ಹಾಕಬೇಡಿ. ನಿಧಾನವಾಗಿ ಉರುಳಿಸಿಕೊಂಡು ಹೋಗಿ, ಬೆಳಕು ನಿಮ್ಮ ಬೆನ್ನಿಗೆ ಬರುವಂತೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಎಂಜಿನ್ ನಡುಕ ಫೋಟೋವನ್ನು ಮಸುಕು ಮಾಡುತ್ತದೆ. ಬಾಗಿಲು ಮಾತ್ರ ತೆಗೆಯಬೇಡಿ, ಕಾಲು ಕೆಳಗಿಟ್ಟ ಕ್ಷಣ ನೀವು ಮನುಷ್ಯರಾಗುತ್ತೀರಿ. ಕಿಟಕಿಯ ಮೇಲೆ ಬೀನ್ ಬ್ಯಾಗ್ ಇಟ್ಟು ಅದರ ಮೇಲೆ ಲೆನ್ಸ್ ಇಡಿ. ಅಂಗಡಿಯದು ಬೇಕಿಲ್ಲ. ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಎರಡೂ ಕಡೆ ಹೊಲಿದು, ಎರಡು ಕಿಲೋ ಹುರುಳಿಕಾಳು ತುಂಬಿ. ನನ್ನದು ಆರು ವರ್ಷದಿಂದ ಹಾಗೇ ಇದೆ, ವರ್ಷಕ್ಕೊಮ್ಮೆ ಕಾಳು ಬದಲಿಸುತ್ತೇನೆ.

ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಓಡಿಸಲಿ, ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಎರಡೂ ಕಿಟಕಿಗೆ ಸರಿದಾಡಲಿ. ನೆಲದ ಹಕ್ಕಿಗೆ ಮಾತ್ರ ಕಾರು ಸ್ವಲ್ಪ ಎತ್ತರ, ಮೇಲಿಂದ ಕೆಳಗೆ ನೋಡಿದಂತೆ ಬರುತ್ತದೆ. ರಸ್ತೆಯೇ ತಗ್ಗಿನಲ್ಲಿದ್ದು ಹೊಲ ಮೇಲಿರುವ ಜಾಗ ಹುಡುಕಿಕೊಂಡರೆ ಅದೂ ಸರಿಹೋಗುತ್ತದೆ. ಹೊಲದೊಳಗೆ ಮಾತ್ರ ಕಾರು ಇಳಿಸಬೇಡಿ, ಅದು ಇನ್ನೊಬ್ಬರ ಬೆಳೆ.

ಸಫಾರಿ ಜೀಪ್ ಬಗ್ಗೆ ಎರಡೇ ಮಾತು. ಕಬಿನಿ, ಬಂಡೀಪುರಗಳಲ್ಲಿ ಹಕ್ಕಿಗಳಿಗೇನೂ ಕೊರತೆಯಿಲ್ಲ, ಆದರೆ ಜೀಪಿನಲ್ಲಿರುವ ಉಳಿದವರು ಹುಲಿಗೆ ಬಂದಿರುತ್ತಾರೆ. ಮರಕುಟಿಗಕ್ಕೆ ಅಂತ ಗಾಡಿ ನಿಲ್ಲಿಸಲು ಅವರು ಬಿಡುವುದಿಲ್ಲ, ಅವರದ್ದು ತಪ್ಪೂ ಅಲ್ಲ. ಹಕ್ಕಿಗೆಂದೇ ಹೋಗುವವರು ಆ ದುಡ್ಡು ಉಳಿಸಿ. ಕಬಿನಿಯಲ್ಲೇ ಇರುವುದಾದರೆ ದೋಣಿ ಸಫಾರಿ ಕೇಳಿ, ಹಿನ್ನೀರಿನ ಒಣಮರಗಳ ಮೇಲೆ ಕೂತ ಹಕ್ಕಿಗಳಿಗೆ ಅದು ಎಷ್ಟೋ ವಾಸಿ.

ಕಾಲ್ನಡಿಗೆ, ನಿಮ್ಮೂರ ಕೆರೆ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಖರ್ಚಿಲ್ಲ, ಬುಕ್ಕಿಂಗ್ ಇಲ್ಲ, ಕಷ್ಟ ಮಾತ್ರ ಜಾಸ್ತಿ. ಮೊದಲ ಎರಡು ವಾರ ಒಂದೂ ಒಳ್ಳೆಯ ಫೋಟೋ ಬರುವುದಿಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ.

ಕೆರೆಯ ಹಕ್ಕಿಗಳು ಮನುಷ್ಯರನ್ನು ವಿಂಗಡಿಸಿ ನೋಡುತ್ತವೆ. ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಸುವವರು, ಬಲೆ ಬೀಸುವವರು ಅವುಗಳಿಗೆ ಗೊತ್ತು. ನಿಮ್ಮನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಲು ಅವುಗಳಿಗೆ ದಿನ ಬೇಕು. ನಮ್ಮೂರ ಕೆರೆಯಲ್ಲಿ ನಾನು ಒಂದು ಇಡೀ ಚಳಿಗಾಲ, ವಾರಕ್ಕೆ ಮೂರು ಬೆಳಿಗ್ಗೆ, ಅದೇ ಹೊಂಗೆ ಮರದ ಬುಡದಲ್ಲಿ, ಅದೇ ಮಾಸಲು ಅಂಗಿ ಹಾಕಿಕೊಂಡು ಕೂತೆ. ಮೊದಲು ಟಿಟ್ಟಿಭ ಕೂಗಿ ಕೂಗಿ ಇಡೀ ಕೆರೆಗೆ ಸುದ್ದಿ ಮುಟ್ಟಿಸುತ್ತಿತ್ತು. ಕೆರೆಯ ಚೌಕಿದಾರ ಅದೇ, ಅದು ಒಪ್ಪದೆ ಬೇರೆ ಯಾವ ಹಕ್ಕಿಯೂ ಹತ್ತಿರ ಬರುವುದಿಲ್ಲ. ಮೂರನೇ ವಾರಕ್ಕೆ ಅದು ಒಂದೆರಡು ಸಲ ಕೂಗಿ ಸುಮ್ಮನಾಗತೊಡಗಿತು. ಡಿಸೆಂಬರ್ ಕೊನೆಗೆ ಕಪ್ಪು ಬಿಳಿ ಮಿಂಚುಳ್ಳಿ ನನ್ನಿಂದ ಏಳೆಂಟು ಮೀಟರ್ ದೂರದ ಕೋಲಿನ ಮೇಲೆ ಕೂತು ಮೀನನ್ನು ಬಡಿದು ಬಡಿದು ನುಂಗಿತು. ಆ ಫೋಟೋ ನನ್ನ ಮನೆಯ ಗೋಡೆಯ ಮೇಲಿದೆ.

ಕೂರುವುದಕ್ಕಿಂತ ಮಲಗುವುದು ಇನ್ನೂ ಒಳ್ಳೆಯದು. ಕೆಸರಿನ ಅಂಚಿನಲ್ಲಿ ಒಂದು ಗೋಣಿಚೀಲ ಹಾಸಿ ಹೊಟ್ಟೆಯ ಮೇಲೆ ಮಲಗಿ, ಲೆನ್ಸ್ ಅನ್ನು ನೆಲದಿಂದ ಗೇಣುದ್ದ ಮೇಲಿಡಿ. ಎರಡು ಲಾಭ. ಎರಡು ಕಾಲಿನ ಉದ್ದ ಆಕಾರ ಮಾಯವಾಗಿ ನೀವೊಂದು ದಿಬ್ಬದ ಥರ ಕಾಣುತ್ತೀರಿ. ಇನ್ನು ಫೋಟೋದಲ್ಲಿ ಹಕ್ಕಿಯ ಹಿಂದಿನ ನೆಲ ಬಹಳ ದೂರಕ್ಕೆ ಸರಿಯುವುದರಿಂದ ಹಿನ್ನೆಲೆ ಬೆಣ್ಣೆಯ ಹಾಗೆ ಕರಗುತ್ತದೆ. ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಕೊಡುವ ಹಿನ್ನೆಲೆಯನ್ನು ಬಡ ಲೆನ್ಸಿನಿಂದಲೂ ಪಡೆಯುವ ದಾರಿ ಇದೊಂದೇ. ಗದ್ದೆ ಗೊರವ, ಸಿಪಿಲೆಗಳು ಆಹಾರ ಹುಡುಕುತ್ತಾ ಅಂಚಿನಲ್ಲೇ ನಡೆದು ಬರುತ್ತವೆ, ನೀವು ಅಲುಗದಿದ್ದರೆ ಲೆನ್ಸ್ ಫೋಕಸ್ ಮಾಡಲಾರದಷ್ಟು ಹತ್ತಿರ ಬರುತ್ತವೆ.

ಹತ್ತಿರ ಹೋಗಲೇಬೇಕೆಂದರೆ ನೇರ ಹೋಗಬೇಡಿ. ಓರೆಯಾಗಿ, ಬೇರೆಲ್ಲೋ ಹೋಗುತ್ತಿರುವವರ ಥರ ನಡೆಯಿರಿ, ನಾಲ್ಕು ಹೆಜ್ಜೆ ಹಾಕಿ ಕೂತುಕೊಳ್ಳಿ, ದಿಟ್ಟಿಸಿ ನೋಡಬೇಡಿ. ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತು ಉದ್ದ ಮಾಡಿತಾ? ಅಲ್ಲೇ ನಿಲ್ಲಿ. ಮತ್ತೆ ಮೇಯಲು ಶುರು ಮಾಡಿದ ಮೇಲಷ್ಟೇ ಮುಂದಿನ ಹೆಜ್ಜೆ. ಮೈ ಬಗ್ಗಿಸಿ ಹಿಕ್ಕೆ ಹಾಕಿತು ಅಂದರೆ ಬಹಳ ಸಲ ಮುಂದಿನ ಕ್ಷಣ ಹಾರುತ್ತದೆ. ಹಾರುವ ಫೋಟೋ ಬೇಕೆಂದವರಿಗೆ ಅದೇ ಸೂಚನೆ, ಆದರೆ ಫೋಟೋಗೆ ಅಂತ ಓಡಿಸಿ ಹಾರಿಸಬೇಡಿ. ಮೇಯುವ ಹೊತ್ತು ಅದಕ್ಕೆ ಎಷ್ಟು ಮುಖ್ಯ ಅನ್ನುವುದು ನಮಗೆ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಮುಗಿಸಿ. ಆಮೇಲೆ ಕೆರೆಯ ಮೇಲೆ ಬಿಸಿಗಾಳಿ ಏಳುತ್ತದೆ, ದೂರದ ಹಕ್ಕಿ ಕುದಿಯುವ ನೀರಿನೊಳಗೆ ಇದ್ದಂತೆ ಕಾಣುತ್ತದೆ. ಎಷ್ಟೋ ಜನ ಇದನ್ನು ಲೆನ್ಸಿನ ದೋಷ ಅಂದುಕೊಂಡು ರಿಪೇರಿಗೆ ಕೊಟ್ಟು ದುಡ್ಡು ಕಳೆದುಕೊಂಡಿದ್ದಾರೆ.

ಊರೇ ಹೈಡ್ ಆದ ಜಾಗ

ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ ಒಂದು ಜಾಗ ಇದೆ, ಅದನ್ನು ಬಿಡಲು ನನಗೆ ಮನಸ್ಸಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಇಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ಪಕ್ಕದ ಹುಣಸೆ ಮರ, ಆಲದ ಮರಗಳ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ಹಸು ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ, ಮೇಲೆ ಮರಿಗಳಿಗೆ ಮೀನು ತಿನ್ನಿಸುವ ಗದ್ದಲ. ಊರಿನವರು ಈ ಹಕ್ಕಿಗಳನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದಿದ್ದಾರೆ, ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕುತ್ತಾರೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು.

ರಂಗನತಿಟ್ಟಿಗೂ ಇದಕ್ಕೂ ಹೋಲಿಸಿದರೆ, ಇಲ್ಲಿ ಬಹುಪಾಲು ನೀವು ಕತ್ತೆತ್ತಿ ಮೇಲಕ್ಕೇ ನೋಡಬೇಕು. ಹಿನ್ನೆಲೆಯಲ್ಲಿ ಬಿಳಿ ಆಕಾಶ, ಹಕ್ಕಿಯ ಹೊಟ್ಟೆ ಜಾಸ್ತಿ. ಬರೀ ಹಕ್ಕಿಯ ಫೋಟೋ ಬೇಕಾದವರಿಗೆ ರಂಗನತಿಟ್ಟೇ ವಾಸಿ. ಆದರೆ ಹಂಚಿನ ಮನೆ, ಮುಂದೆ ರಾಗಿ ಒಣಗಿಸುತ್ತಿರುವ ಅಜ್ಜಿ, ಮೇಲೆ ರೆಕ್ಕೆ ಬಿಚ್ಚಿ ಇಳಿಯುತ್ತಿರುವ ಹೆಜ್ಜಾರ್ಲೆ, ಇಂಥ ಫೋಟೋ ಬೇರೆ ಎಲ್ಲಿ ಸಿಗುತ್ತದೆ? 600 ಎಂಎಂ ಚೀಲದಲ್ಲೇ ಇರಲಿ, 24-70 ಹಾಕಿಕೊಳ್ಳಿ. ಅಜ್ಜಿಯನ್ನು ಕೇಳಿ ಫೋಟೋ ತೆಗೆಯಿರಿ. ಜನವರಿಯಿಂದ ಮೇ ಒಳಗೆ ಹೋಗಿ.

ಈಗ ಲೆನ್ಸ್

ಇಷ್ಟಾದ ಮೇಲೆ ಲೆನ್ಸಿನ ಪ್ರಶ್ನೆ ಅರ್ಧ ಬಗೆಹರಿದಿರುತ್ತದೆ. ಒಂದು ಲೆಕ್ಕ ನೆನಪಿಡಿ. 12 ಮೀಟರ್ ದೂರದ ಹಕ್ಕಿ 600 ಎಂಎಂನಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೋ, 8 ಮೀಟರ್ ದೂರದಲ್ಲಿ ಅದೇ ಹಕ್ಕಿ 400 ಎಂಎಂನಲ್ಲೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಅಂದರೆ ಅಷ್ಟು ದೂರದಲ್ಲಿ ಎರಡು ಲೆನ್ಸುಗಳ ನಡುವಿನ ವ್ಯತ್ಯಾಸ ನಾಲ್ಕು ಮೀಟರ್. ಆ ನಾಲ್ಕು ಮೀಟರನ್ನು ದುಡ್ಡು ಕೊಟ್ಟೂ ದಾಟಬಹುದು, ಮೇಲೆ ಹೇಳಿದ ಹಾಗೆ ಕೂತು ಮಲಗಿಯೂ ದಾಟಬಹುದು.

ಕಾರು ಮತ್ತು ಕೆರೆಗೆ 150-600 ಅಥವಾ 200-600 ಥರದ ಝೂಮ್ ಒಳ್ಳೆಯ ಜೊತೆಗಾರ. ಸಿಗ್ಮಾದ 150-600 ಕಂಟೆಂಪರರಿ ಎರಡು ಕಿಲೋಗಿಂತ ಸ್ವಲ್ಪ ಕಡಿಮೆ, ನಿಕಾನ್ 200-500 ಎರಡೂಕಾಲು ಕಿಲೋ ಹತ್ತಿರ. ಎರಡೂ ಸೆಕೆಂಡ್‌ಹ್ಯಾಂಡ್ ಆಗಿ ಸಿಗುತ್ತವೆ. ಎರಡು ಕಿಲೋ ಅಂದರೆ ಅಂಗಡಿಯಲ್ಲಿ ಏನೂ ಅನ್ನಿಸುವುದಿಲ್ಲ, ಕೆರೆ ಏರಿಯ ಮೇಲೆ ಮೂರನೇ ಗಂಟೆಗೆ ಗೊತ್ತಾಗುತ್ತದೆ. ಭುಜ ನೋವಿರುವವರು, ವಯಸ್ಸಾದವರು ಹಗುರದ್ದನ್ನು ನೋಡಿ. ಕ್ಯಾನನ್ ಆರ್‌ಎಫ್ 100-400 ಮುಕ್ಕಾಲು ಕಿಲೋ ಕೂಡ ಇಲ್ಲ. ಬೆಳಕು ಕಡಿಮೆ ಬಿಡುವ ಲೆನ್ಸ್ ಅದು, ಕಾಡಿಗೆ ಆಗುವುದಿಲ್ಲ, ಬಿಸಿಲಿನ ಕೆರೆಗೂ ದೋಣಿಗೂ ಸಾಕು. ಮನೆಯಲ್ಲಿ ಬಿಟ್ಟು ಬರುವ ದೊಡ್ಡ ಲೆನ್ಸಿಗಿಂತ ಕುತ್ತಿಗೆಯಲ್ಲಿ ನೇತಾಡುವ ಸಣ್ಣ ಲೆನ್ಸ್ ಜಾಸ್ತಿ ಫೋಟೋ ತೆಗೆಯುತ್ತದೆ.

ನಿಕಾನ್ ಪಿ950, ಪಿ1000 ಥರದ ಬ್ರಿಡ್ಜ್ ಕ್ಯಾಮೆರಾಗಳನ್ನು (ಲೆನ್ಸ್ ಬಿಚ್ಚಲಾಗದ, ಉದ್ದ ಝೂಮಿನವು) ಕೀಳಾಗಿ ನೋಡುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಯಾವ ಹಕ್ಕಿ ಅಂತ ಗುರುತಿಸಲು, ದಾಖಲಿಸಲು, ದೂರದ ಮಂಗಟ್ಟೆಯನ್ನು (ಹಾರ್ನ್‌ಬಿಲ್) ಮನೆಯವರಿಗೆ ತೋರಿಸಲು ಅವು ಬಹಳ ಉಪಯೋಗ. ಸೆನ್ಸರ್ ಸಣ್ಣದು, ನೆರಳಿನಲ್ಲಿ ಕಾಳುಕಾಳಾಗುತ್ತದೆ, ಹಾರುವ ಹಕ್ಕಿಗೆ ಫೋಕಸ್ ನಿಧಾನ. ಇಷ್ಟನ್ನು ಒಪ್ಪಿಕೊಂಡು ತಗೊಳ್ಳುವವರಿಗೆ ನಿರಾಸೆ ಆಗುವುದಿಲ್ಲ.

ಲೆನ್ಸ್ ಕೊಳ್ಳುವ ಮೊದಲು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಬಾಡಿಗೆಗೆ ಸಿಗುತ್ತವೆ.

ಹಾಗಾದರೆ ನೀವು ಎಲ್ಲಿಗೆ?

ಇದೇ ಮೊದಲ ಸಲ, ಕೈಯಲ್ಲಿ 300 ಎಂಎಂ ಒಳಗಿನ ಲೆನ್ಸ್, ಜೊತೆಗೆ ಮನೆಯವರು ಮಕ್ಕಳು: ರಂಗನತಿಟ್ಟು, ಅದೇ ದಿನ ಕೊಕ್ಕರೆ ಬೆಳ್ಳೂರು. ಬೆಳಿಗ್ಗೆ ದೋಣಿ, ಸಂಜೆ ಊರು. ಗೂಡಿನ ಕಾಲದಲ್ಲಿ ಇದಕ್ಕಿಂತ ತುಂಬಿದ ದಿನ ಇನ್ನೊಂದಿಲ್ಲ.

ಕಾಡಿನ ಹಕ್ಕಿಗಳ ಹುಚ್ಚು, ಎರಡು ದಿನ ಸುಮ್ನೆ ಕೂರುವ ತಾಳ್ಮೆ, ಉಳಿದುಕೊಳ್ಳುವ ಖರ್ಚು ಪರವಾಗಿಲ್ಲ ಅನ್ನುವವರು ಗಣೇಶಗುಡಿ. ಒಂದು ಬೆಳಿಗ್ಗೆಯನ್ನು ಹೈಡ್‌ನಿಂದ ಹೊರಗೆ ಕಳೆಯಿರಿ. ದಾಂಡೇಲಿಯ ಟಿಂಬರ್ ಡಿಪೋ ಕಡೆ ಮಂಗಟ್ಟೆಗಳು ನೆಲಕ್ಕೆ ಇಳಿದು ಮಣ್ಣಿನಲ್ಲಿ ಹೊರಳಾಡುವುದನ್ನು ನೋಡಿದವರು ಮರೆಯುವುದಿಲ್ಲ.

ಉತ್ತರ ಕರ್ನಾಟಕದವರು ರಂಗನತಿಟ್ಟಿಗೆ ಅಷ್ಟು ದೂರ ಯಾಕೆ ಬರಬೇಕು? ಮಾಗಡಿ ಕೆರೆ ಇದೆ, ಹೊಸಪೇಟೆ ಕಡೆ ಅಂಕಸಮುದ್ರ ಇದೆ. ಎರಡೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿವೆ. ಕಾರಿನಿಂದ ತೆಗೆಯುವುದಕ್ಕಂತೂ ನಿಮ್ಮ ಬಯಲಿನಷ್ಟು ಒಳ್ಳೆಯ ಜಾಗ ದಕ್ಷಿಣದಲ್ಲಿ ಕಡಿಮೆ.

ಇನ್ನು ಗೂಡಿನ ಹತ್ತಿರದ ಫೋಟೋ. ದೋಣಿಯಿಂದ ಕಾಣುವ ಗೂಡು, ಊರ ಮರದ ಮೇಲಿನ ಗೂಡು ಬೇರೆ ಮಾತು, ಅವುಗಳಿಗೆ ನಾವು ಹೊಸಬರಲ್ಲ. ಕಾಡಿನಲ್ಲೋ ತೋಟದಲ್ಲೋ ಒಂಟಿ ಗೂಡು ಸಿಕ್ಕರೆ ಮಾತ್ರ ವಾಪಸ್ ಬನ್ನಿ. ಎಲೆ ಸರಿಸಿ, ಕೊಂಬೆ ಬಗ್ಗಿಸಿ ಫೋಟೋ ತೆಗೆದರೆ ಆ ಕಿಂಡಿಯನ್ನು ಕಾಗೆಯೂ ನೋಡುತ್ತದೆ. ಮಳೆ ಶುರುವಾದಾಗ ಕೊಂಕಣದ ಕಡೆಗೆ ಬಂದು ಮಣ್ಣಿನ ದರೆಯಲ್ಲಿ ತೂತು ಕೊರೆದು ಮರಿ ಮಾಡುವ ಪುಟ್ಟ ಬಣ್ಣದ ಮಿಂಚುಳ್ಳಿಯ ಗೂಡಿನ ಮುಂದೆ ಜನ ಸಾಲುಗಟ್ಟಿ ನಿಂತಿರುವ ಚಿತ್ರ ನೋಡಿದಾಗೆಲ್ಲ ಹೊಟ್ಟೆ ಹಿಂಡುತ್ತದೆ. ಅಪರೂಪದ ಹಕ್ಕಿ ಸಿಕ್ಕಿದರೆ ಫೋಟೋ ಹಂಚಿಕೊಳ್ಳಿ, ಲೊಕೇಶನ್ ಬೇಡ. ತಾಲ್ಲೂಕಿನ ಹೆಸರು ಸಾಕು.

ಎಲ್ಲಿಗೂ ಹೋಗಲು ಸಮಯ ಇಲ್ಲ, ಭಾನುವಾರ ಎರಡು ಗಂಟೆ ಬಿಡುವು ಅನ್ನುವವರಿಗೆ ಕೆರೆ ಇದ್ದೇ ಇದೆ. ಶನಿವಾರ ಸಂಜೆ ಕ್ಯಾಮೆರಾ ಇಲ್ಲದೆ ಒಮ್ಮೆ ಹೋಗಿ ಬನ್ನಿ. ಸೂರ್ಯ ಯಾವ ಕಡೆಯಿಂದ ಏಳುತ್ತಾನೆ, ಅದು ಬೆನ್ನಿಗೆ ಬರುವಂತೆ ಎಲ್ಲಿ ಕೂರಬಹುದು, ಮಿಂಚುಳ್ಳಿ ಯಾವ ಕೋಲಿನ ಮೇಲೆ ಕೂರುತ್ತದೆ, ನೋಡಿಕೊಳ್ಳಿ. ರಾತ್ರಿ ಬ್ಯಾಟರಿ ಚಾರ್ಜ್‌ಗೆ ಹಾಕಿ, ಗೋಣಿಚೀಲ ಬಾಗಿಲ ಬಳಿ ಇಡಿ. ಆರೂಕಾಲಿಗೆ ಅಲ್ಲಿರಬೇಕು, ಟಿಟ್ಟಿಭ ನಿಮಗಿಂತ ಮೊದಲೇ ಎದ್ದಿರುತ್ತದೆ.